ಕಾರಿಗೂ ಖಾಂದಾನ್ ಉಂಟೇ?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಈ ಮೂರೂ ಊರುಗಳ ದಾರಿಗಳು ಕಿಬ್ಬನಹಳ್ಳಿ ಕ್ರಾಸಿನಲ್ಲಿ ಕೂಡುತ್ತವೆ. ಜನ ಅದನ್ನು ಕೆ.ಬಿ. ಕ್ರಾಸ್ ಎನ್ನುತ್ತಾರೆ. ಎತ್ತ ನೋಡಿದರೂ ತೆಂಗು. ನಾವು ಮೂರರಲ್ಲಿ ಯಾವ ಊರಿಗೆ ಹೊರಟರೂ ಅಲ್ಲಿ ಇಳಿದು, ಚಹಾ ಕುಡಿದು, ಪರಿಚಯದ ಹುಡುಗನ ಗ್ಯಾರೇಜಿನ ಬಾಗಿಲಲ್ಲಿ ಅರ್ಧ ಗಂಟೆ ಕೂರದೆ ಮುಂದೆ ಹೋದದ್ದು ಕಡಿಮೆ. ಕತೆ ಬರೆಯುವವರಿಗೆ ಗ್ಯಾರೇಜಿನಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಅಲ್ಲಿ ಜನ ಕೈಯಲ್ಲಿ ಕೆಲಸ ಇಟ್ಟುಕೊಂಡೇ ಮಾತಾಡುತ್ತಾರೆ, ಹಾಗಾಗಿ ಮಾತನ್ನು ಸಿಂಗರಿಸಲು ಅವರಿಗೆ ಪುರಸೊತ್ತು ಇರುವುದಿಲ್ಲ.

2023ರ ಡಿಸೆಂಬರಿನ ಒಂದು ಭಾನುವಾರ ಬೆಳಿಗ್ಗೆ ಅಲ್ಲಿ ಕೂತಿದ್ದೆವು. ಆ ವರ್ಷ ಕೊಬ್ಬರಿ ಧಾರಣೆ ಕುಸಿದು ರೈತರು ಬೀದಿಗಿಳಿದಿದ್ದರು. ಕೊಬ್ಬರಿಗೆ ಬೆಲೆ ಇಲ್ಲದಿದ್ದರೆ ಲಾರಿಗೂ ಬಾಡಿಗೆ ಇಲ್ಲ, ಲಾರಿ ಓಡದಿದ್ದರೆ ಗ್ಯಾರೇಜಿಗೂ ಕೆಲಸ ಇಲ್ಲ. ನಮ್ಮ ಜೊತೆ ಬೆಂಗಳೂರಿನಿಂದ ಬಂದಿದ್ದ ತಂಗಿಯ ಮಗನೂ ಇದ್ದ. ಆಗ ಬೆಂಗಳೂರು ಕಡೆಯಿಂದ ಒಂದರ ಹಿಂದೆ ಒಂದು ಭಾರಿ ಕಾರುಗಳು ಬಂದವು. ಚಿಕ್ಕಮಗಳೂರಿಗೆ ಹೊರಟ ಶ್ರೀಮಂತ ಹುಡುಗರ ಸವಾರಿ. ಎರಡು ಕಾರು ಚಹಾಕ್ಕೆಂದು ನಿಂತವು. ಒಂದು ಹಳದಿ ಬಣ್ಣದ ಲ್ಯಾಂಬೋರ್ಗಿನಿ ಹುರಾಕಾನ್, ಇನ್ನೊಂದು ಕೆಂಪು ಫೋರ್ಡ್ ಮಸ್ಟಾಂಗ್. ಹೊರಡುವಾಗ ಮಸ್ಟಾಂಗ್ ರಸ್ತೆಯುಬ್ಬನ್ನು ಎಮ್ಮೆ ಹಳ್ಳ ದಾಟಿದ ಹಾಗೆ ದಾಟಿಕೊಂಡು ಹೋಯಿತು. ಹಳದಿ ಕಾರು ಮಾತ್ರ ಉಬ್ಬಿನ ಮುಂದೆ ನಿಂತುಬಿಟ್ಟಿತು. ಅದರ ಹೊಟ್ಟೆ ನೆಲಕ್ಕೆ ಅಷ್ಟು ಹತ್ತಿರ. ಗ್ಯಾರೇಜಿನ ಹುಡುಗ ಎರಡು ಹಲಗೆ ತಂದು, ಅಡಿಗೆ ತೆಂಗಿನ ಸಿಪ್ಪೆ ಕೊಟ್ಟು, ದಾರಿ ಮಾಡಿದ. ಕಾರಿನವನು ಕಿಟಕಿ ಇಳಿಸಿ ಐನೂರರ ನೋಟು ಕೊಡಲು ಬಂದ. ಹುಡುಗ ತೆಗೆದುಕೊಳ್ಳಲಿಲ್ಲ. ಎಂಜಿನಿನ ಸದ್ದು ಒಂದು ಸಲ ಕೇಳಿಸಿ ಎಂದ. ಅವನು ಕೇಳಿಸಿದ. ಗಿಡದ ಮೇಲಿದ್ದ ಕಾಗೆಗಳೆಲ್ಲ ಎದ್ದು ಹೋದವು.

ಆಮೇಲೆ ಶುರುವಾಯಿತು ವಾದ. ಗ್ಯಾರೇಜಿನ ಹುಡುಗ ಅಮೆರಿಕದ ಕಾರಿನ ಪಕ್ಷ. ನಮ್ಮ ತಂಗಿಯ ಮಗ ಇಟಲಿಯ ಪಕ್ಷ. ಇವರಿಬ್ಬರೂ ಅಂಥ ಕಾರಿನ ಒಳಗೆ ಕೂತವರಲ್ಲ. ಆದರೂ ಮೊಬೈಲಿನಲ್ಲಿ ನೋಡಿ ನೋಡಿ ಅವುಗಳ ಜಾತಕವೆಲ್ಲ ಬಾಯಿಪಾಠ. ದುಡ್ಡಿಗೆ ತಕ್ಕ ಶಕ್ತಿ ಕೊಡುವುದು ಅಮೆರಿಕದ್ದು, ಉಳಿದದ್ದೆಲ್ಲ ನಖ್ರಾ ಎಂದು ಇವನು. ಶಕ್ತಿ ಯಾರಾದರೂ ಕೊಡುತ್ತಾರೆ, ರೂಪ, ತಿರುವಿನಲ್ಲಿ ಹಿಡಿತ, ಪರಂಪರೆ, ಇವು ಬೇಕಲ್ಲ ಎಂದು ಅವನು. ಹೀಗೆ ಹೋಗುತ್ತಾ ಹೋಗುತ್ತಾ ನಮ್ಮ ತಂಗಿಯ ಮಗ ಒಂದು ಮಾತು ಆಡಿದ: "ನಿನ್ನ ಮಸ್ಟಾಂಗ್ ಎಷ್ಟೇ ಓಡಲಿ ಭಾಯಿ, ಅದಕ್ಕೆ ಖಾಂದಾನ್ ಇಲ್ಲ."

ಹುಡುಗ ಸುಮ್ಮನಾದ. ಕೈಯಲ್ಲಿದ್ದ ಸ್ಪ್ಯಾನರನ್ನು ಒರೆಸಿ ಡಬ್ಬಿಯೊಳಗಿಟ್ಟ. ಅವನ ತಾತ ಊರೂರು ತಿರುಗಿ ಹತ್ತಿ ಹಿಂಜುತ್ತಿದ್ದವರು. ಪಿಂಜಾರರು ಎಂದರೆ ನಮ್ಮವರಲ್ಲಿಯೇ ಎಷ್ಟೋ ಜನ ಈಗಲೂ ದನಿ ತಗ್ಗಿಸಿ ಹೇಳುತ್ತಾರೆ. ತಂಗಿಯ ಮಗನಿಗೆ ಅದು ಗೊತ್ತಿರಲಿಲ್ಲ, ಗೊತ್ತಿದ್ದರೆ ಆಡುತ್ತಿರಲಿಲ್ಲ. ನಮಗೆ ಗೊತ್ತಿತ್ತು. ಅಂದಿನಿಂದ ಆ ಮಾತು ನಮ್ಮ ತಲೆಯಲ್ಲಿ ಕೂತಿದೆ. ಕಾರಿನ ವಿಷಯ ನಮಗೆ ಬೇಕಾದದ್ದಲ್ಲ. ಆದರೆ ಆ ಮಾತಿನ ಬೆನ್ನು ಹತ್ತಿ ಓದಲು ಹೋದರೆ ಬೇಕಾದದ್ದೇ ಸಿಕ್ಕಿತು.

ಮೊದಲು ಬೆಲೆಯ ಮಾತು. 2016ರಲ್ಲಿ ಮಸ್ಟಾಂಗ್ ನಮ್ಮ ದೇಶಕ್ಕೆ ಬಂದಾಗ ಅದರ ಬೆಲೆ 65 ಲಕ್ಷ. 2014ರಲ್ಲಿ ಬಂದ ಹುರಾಕಾನ್‌ಗೆ 3 ಕೋಟಿ 43 ಲಕ್ಷ. 2024ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕಟ್ಟಿದ ಬೆಂಬಲ ಬೆಲೆ ಕ್ವಿಂಟಲಿಗೆ 12,000 ರೂಪಾಯಿ. ಆ ಲೆಕ್ಕದಲ್ಲಿ ಮಸ್ಟಾಂಗ್ ಎಂದರೆ ಸುಮಾರು 540 ಕ್ವಿಂಟಲ್ ಕೊಬ್ಬರಿ, ಹುರಾಕಾನ್ ಎಂದರೆ 2,850ಕ್ಕೂ ಹೆಚ್ಚು. ಹತ್ತು ಟನ್ ಹೊರುವ ಲಾರಿಯಲ್ಲಿ ಹೇರಿದರೆ ಒಂದಕ್ಕೆ ಐದೂವರೆ ಲೋಡು, ಇನ್ನೊಂದಕ್ಕೆ ಇಪ್ಪತ್ತೆಂಟೂವರೆ ಲೋಡು. ಉಂಡೆ ಕೊಬ್ಬರಿ ಆಗಬೇಕಾದರೆ ಕಾಯಿ ಅಟ್ಟದ ಮೇಲೆ ಹತ್ತು ತಿಂಗಳಾದರೂ ಮಲಗಬೇಕು ಎನ್ನುವುದನ್ನು ಈ ಕಡೆಯವರಿಗೆ ಹೇಳಬೇಕಾಗಿಲ್ಲ.

ಇಲ್ಲಿ ಒಂದು ತಮಾಷೆ ಇದೆ. ಮಸ್ಟಾಂಗ್ ಹುಟ್ಟಿದ್ದು ಬಡವರಿಗಲ್ಲದಿದ್ದರೂ ಸಾಮಾನ್ಯರಿಗಾಗಿ. 1964ರ ಏಪ್ರಿಲ್ 17ರಂದು ಫೋರ್ಡ್ ಅದನ್ನು ಹೊರತಂದಾಗ ಆರಂಭದ ಬೆಲೆ 2,368 ಡಾಲರ್. ಫಾಲ್ಕನ್ ಎಂಬ ಸಾದಾ ಕಾರಿನ ಭಾಗಗಳನ್ನೇ ತೆಗೆದು, ಮೇಲೆ ಚಂದದ ಮೈ ಹೊದಿಸಿ ಮಾಡಿದ ಗಾಡಿ. ಕಾರ್ಖಾನೆಯ ಕೆಲಸಗಾರ, ಶಾಲೆಯ ಮಾಸ್ತರು, ಕಚೇರಿಯ ಟೈಪಿಸ್ಟ್ ಇವರೆಲ್ಲ ಸಾಲ ಮಾಡಿ ಕೊಂಡರು. ಎರಡು ವರ್ಷ ತುಂಬುವುದರೊಳಗೆ ಹತ್ತು ಲಕ್ಷ ಕಾರು ತಯಾರಾದವು. ಅದೇ ಕಾರು ಸಮುದ್ರ ದಾಟಿ, ಸುಂಕ ಕಟ್ಟಿ ನಮ್ಮಲ್ಲಿಗೆ ಬರುವಷ್ಟರಲ್ಲಿ ಕೋಟ್ಯಧಿಪತಿಗಳ ಮನೆಯ ಕುದುರೆಯಾಯಿತು. ಅಲ್ಲಿ ಕಮಾಯಿಯ ಕಾರು, ಇಲ್ಲಿ ಖಾಂದಾನಿನ ಕಾರು. ಊರು ಬದಲಾದರೆ ಕುಲವೂ ಬದಲಾಗುತ್ತದೆ. ಇದು ಮನುಷ್ಯರ ವಿಷಯದಲ್ಲೂ ನಾವು ನೋಡಿಲ್ಲದ್ದೇನಲ್ಲ.

ಇನ್ನು ಎಂಜಿನಿನ ಮಾತು. ಇದನ್ನು ನಮಗೆ ಬಿಡಿಸಿ ಹೇಳಿದವನು ಗ್ಯಾರೇಜಿನ ಹುಡುಗನೇ. ಅಮೆರಿಕದವರ ದಾರಿ ದೊಡ್ಡ ಎಂಜಿನು: ಎಂಟು ಸಿಲಿಂಡರು, ಐದು, ಆರು, ಏಳು ಲೀಟರು ಗಾತ್ರ, ನಿಧಾನ ಸುತ್ತು, ಭಾರಿ ಎಳೆತ. ಷೆವರ್ಲೆ 1955ರಲ್ಲಿ ತಂದ ವಿ8 ಎಂಜಿನಿನಲ್ಲಿ ಕವಾಟಗಳನ್ನು ಸರಳುಗಳಿಂದ ತಳ್ಳುವ ಹಳೆಯ ಏರ್ಪಾಡು. ಕಡಿಮೆ ಬಿಡಿಭಾಗ, ಕಡಿಮೆ ಖರ್ಚು, ಹಳ್ಳಿಯ ಮೆಕ್ಯಾನಿಕ್ಕೂ ಬಿಚ್ಚಿ ಜೋಡಿಸಬಹುದು. 2014ರ ತನಕ ಬಹುತೇಕ ಮಸ್ಟಾಂಗ್‌ಗಳ ಹಿಂದಿನ ಅಚ್ಚು ಲಾರಿಯದರಂತೆ ಒಂದೇ ತುಂಡು. ಇಟಲಿಯವರ ದಾರಿ ಬೇರೆ. 1947ರಲ್ಲಿ ಎಂಜೊ ಫೆರಾರಿ ತನ್ನ ಹೆಸರಿನಲ್ಲಿ ಹೊರತಂದ ಮೊದಲ ಕಾರಿನ ಎಂಜಿನು ಬರೀ ಒಂದೂವರೆ ಲೀಟರು, ಆದರೆ ಸಿಲಿಂಡರು ಹನ್ನೆರಡು. ಒಂದೊಂದು ಸಿಲಿಂಡರೂ 125 ಸಿಸಿ, ಅಂದರೆ ನಮ್ಮ ಹಾಲು ಮಾರುವವನ ಬೈಕಿನಷ್ಟು. ಆ ಪುಟ್ಟ ಪುಟ್ಟ ಹನ್ನೆರಡು ಎದೆಗಳು ಸೇರಿ ಹುಚ್ಚು ವೇಗದಲ್ಲಿ ಬಡಿದುಕೊಳ್ಳಬೇಕು. ಅದನ್ನು ಜೋಡಿಸುವವನ ಕೈ ಅಕ್ಕಸಾಲಿಗನ ಕೈಯಾಗಿರಬೇಕು.

"ಅದು ಕಸಬು ಸಾಬ್, ಅದನ್ನು ನಾನು ಇಲ್ಲ ಅನ್ನಲ್ಲ" ಎಂದ ಹುಡುಗ. ಆ ಮಾತು ನಮಗೆ ಹಿಡಿಸಿತು. ಎದುರು ಪಕ್ಷದ ಗುಣವನ್ನು ಒಪ್ಪುವವನ ಜೊತೆ ಮಾತ್ರ ವಾದ ಮಾಡಬೇಕು.

ಆದರೆ ಈ ಗುಣಗಳೂ ಆಕಾಶದಿಂದ ಇಳಿದವಲ್ಲ. ಅಮೆರಿಕದಲ್ಲಿ ಪೆಟ್ರೋಲು ಅಗ್ಗ, ರಸ್ತೆ ಉದ್ದ ಮತ್ತು ನೇರ. ಯುರೋಪಿನಲ್ಲಿ ಪೆಟ್ರೋಲು ದುಬಾರಿ, ಬೆಟ್ಟದ ದಾರಿಗಳು ಡೊಂಕು. ಎಂಜಿನಿನ ಗಾತ್ರದ ಲೆಕ್ಕದಲ್ಲಿ ತೆರಿಗೆ ಹಾಕಿದ ಸರ್ಕಾರಗಳೂ ಇದ್ದವು. ಹಾಗಾಗಿ ಒಬ್ಬರು ಎಂಜಿನು ದೊಡ್ಡದು ಮಾಡಿದರು, ಇನ್ನೊಬ್ಬರು ಚಿಕ್ಕದನ್ನೇ ಕುಣಿಸಿದರು. ನಾಲ್ಕು ತಲೆಮಾರು ಕಳೆದ ಮೇಲೆ ತೆರಿಗೆಯ ಕಾಟದಿಂದ ಹುಟ್ಟಿದ ಜಾಣತನಕ್ಕೆ ಪರಂಪರೆ ಎಂದು ಹೆಸರಾಯಿತು. ಅಗ್ಗದ ಪೆಟ್ರೋಲಿನಿಂದ ಹುಟ್ಟಿದ ದುಂದಿಗೆ ಸ್ವಾತಂತ್ರ್ಯ ಎಂದು ಹೆಸರಾಯಿತು. 1973ರಲ್ಲಿ ಅರಬ್ ದೇಶಗಳು ತೈಲ ತಡೆದಾಗ ಆ ಸ್ವಾತಂತ್ರ್ಯದ ಉಸಿರು ಕಟ್ಟಿದ್ದೂ ನಿಜ.

ಹೋಗಲಿ, ಎರಡು ಕುಲಗಳು ಬೇರೆ ಬೇರೆಯಾಗಿಯಾದರೂ ಉಳಿದವೇ? 1963ರಲ್ಲಿ ಫೋರ್ಡ್ ಕಂಪನಿ ಫೆರಾರಿಯನ್ನೇ ಕೊಳ್ಳಲು ಹೋಯಿತು. ರೇಸಿನ ಯಜಮಾನಿಕೆ ಬಿಟ್ಟುಕೊಡಲಾರೆ ಎಂದು ಎಂಜೊ ಫೆರಾರಿ ಕೊನೆಯ ಗಳಿಗೆಯಲ್ಲಿ ಹಿಂದೆ ಸರಿದ. ಅವಮಾನದಿಂದ ಕೆರಳಿದ ಎರಡನೇ ಹೆನ್ರಿ ಫೋರ್ಡ್, ಫ್ರಾನ್ಸಿನ ಲ ಮಾನ್ ಊರಿನ 24 ಗಂಟೆಗಳ ಓಟದಲ್ಲಿ ಫೆರಾರಿಯನ್ನು ಸೋಲಿಸಲು ಹಣ ಸುರಿದ. 1960ರಿಂದ 65ರ ತನಕ ಸತತ ಆರು ವರ್ಷ ಗೆದ್ದಿದ್ದ ಫೆರಾರಿ 1966ರಲ್ಲಿ ಸೋತಿತು. ಮೊದಲ ಮೂರೂ ಸ್ಥಾನ ಫೋರ್ಡ್‌ಗೆ. 2019ರಲ್ಲಿ ಇದರ ಸಿನಿಮಾ ಬಂತು. ಯುವಕರು ಅದನ್ನು ಅಮೆರಿಕದ ವಿಜಯ ಎಂದು ನೋಡಿದರು. ಆದರೆ ಆ ಫೋರ್ಡ್ ಜಿಟಿ40 ಕಾರು ಮೊದಲು ಬೆಳೆದದ್ದು ಇಂಗ್ಲೆಂಡಿನಲ್ಲಿ, ಲೋಲಾ ಎಂಬ ಅಲ್ಲಿನ ರೇಸ್ ಕಾರಿನ ಬುನಾದಿಯ ಮೇಲೆ. ಗೆದ್ದ ಕಾರಿನಲ್ಲಿ ಕೂತಿದ್ದ ಇಬ್ಬರೂ ನ್ಯೂಜಿಲೆಂಡಿನವರು. ಇತ್ತ 2020ರ ಮಾದರಿಯ ಕಾರ್ವೆಟ್‌ನಲ್ಲಿ ಷೆವರ್ಲೆಯವರು ಎಂಜಿನನ್ನು ಇಟಲಿಯವರ ಹಾಗೆ ಚಾಲಕನ ಬೆನ್ನಿನ ಹಿಂದಕ್ಕೆ ತಂದರು, ಬೆಲೆ 60,000 ಡಾಲರಿನೊಳಗೆ. ಅದೇ ಏರ್ಪಾಡಿನ ಫೆರಾರಿಗೆ ಆಗ ನಾಲ್ಕು ಪಟ್ಟಿಗೂ ಮಿಕ್ಕಿದ ಬೆಲೆ.

ನಮ್ಮ ದೇಶದ ಕತೆ ಇನ್ನೂ ಸೋಜಿಗ. ಇಲ್ಲಿಯೇ ಕಾರಿನ ಕಾರ್ಖಾನೆ ಆಗಬೇಕೆಂದು ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ಅಮೆರಿಕ, ಯುರೋಪು ಸುತ್ತಿ ಬಂದರು. ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. ಅದೇ ಕನಸಿನ ಜೊತೆಗಾರ ವಾಲಚಂದ್ ಹೀರಾಚಂದ್ ಮುಂಬಯಿಯಲ್ಲಿ ಪ್ರೀಮಿಯರ್ ಕಂಪನಿ ಕಟ್ಟಿದರು. ಅದು ಮೊದಲು ಜೋಡಿಸಿದ್ದು ಅಮೆರಿಕದ ಡಾಡ್ಜ್, ಪ್ಲಿಮತ್, ಫಾರ್ಗೊಗಳನ್ನು. ಆಮೇಲೆ ಇಟಲಿಯ ಫಿಯೆಟ್ ಕಡೆಗೆ ತಿರುಗಿತು, ಅದೇ ಮುಂದೆ ಪದ್ಮಿನಿ. 1969ರಲ್ಲಿ ಫಿಯೆಟ್ ಕಂಪನಿ ಫೆರಾರಿಯ ಅರ್ಧ ಪಾಲು ಕೊಂಡಿತು. ಇದನ್ನು ಹೇಳಿದಾಗ ಗ್ಯಾರೇಜಿನ ಹುಡುಗ ಬಿದ್ದು ಬಿದ್ದು ನಕ್ಕ. ಅವನ ತಂದೆ ಇಪ್ಪತ್ತು ವರ್ಷ ತುರುವೇಕೆರೆಯಲ್ಲಿ ಫಿಯೆಟ್ ಟ್ಯಾಕ್ಸಿ ಓಡಿಸಿದವರು. "ಹಾಗಾದರೆ ಅಬ್ಬಾ ಓಡಿಸಿದ್ದು ಫೆರಾರಿಯ ದಾಯಾದಿ!"

ಅವನ ಗ್ಯಾರೇಜಿನಲ್ಲಿ ಸದಾ ಒಂದೆರಡು ಮಹೀಂದ್ರಾ ಟ್ರ್ಯಾಕ್ಟರು ಹೊಟ್ಟೆ ಬಿಚ್ಚಿಕೊಂಡು ನಿಂತಿರುತ್ತವೆ. ಆ ಕಂಪನಿ 1945ರಲ್ಲಿ ಹುಟ್ಟಿದ್ದು ಮಹೀಂದ್ರಾ ಅಂಡ್ ಮೊಹಮ್ಮದ್ ಎಂಬ ಹೆಸರಿನಿಂದ. ಪಾಲುದಾರ ಗುಲಾಮ್ ಮೊಹಮ್ಮದ್ ದೇಶ ಭಾಗವಾದಾಗ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು, ಮುಂದೆ ಗವರ್ನರ್ ಜನರಲ್ಲೂ ಆದರು. 1948ರಲ್ಲಿ ಕಂಪನಿಯ ಹೆಸರು ಬದಲಾಯಿತು. ಅಮೆರಿಕದ ವಿಲ್ಲಿಸ್ ಜೀಪು ಜೋಡಿಸುತ್ತಾ ಬೆಳೆದ ಆ ಕಂಪನಿ 2015ರಲ್ಲಿ ಇಟಲಿಯ ಪಿನಿನ್‌ಫಾರಿನಾವನ್ನು ಕೊಳ್ಳಲು ಒಪ್ಪಂದ ಮಾಡಿಕೊಂಡಿತು. ದಶಕಗಳ ಕಾಲ ಫೆರಾರಿಗಳ ಮೈಮಾಟ ಬರೆದ ಮನೆ ಅದು. ಖಾಂದಾನ್ ಹುಡುಕಿಕೊಂಡು ಹೊರಟವರಿಗೆ ಇಂಥ ಬಂಧುಗಳು ದಾರಿಯುದ್ದಕ್ಕೂ ಸಿಗುತ್ತಾರೆ.

ಆ ಹಳದಿ ಕಾರಿನ ಕುಲವನ್ನಾದರೂ ಕೇಳೋಣವೇ? ಫೆರುಚಿಯೊ ಲ್ಯಾಂಬೋರ್ಗಿನಿ ಉತ್ತರ ಇಟಲಿಯ ರೈತರ ಮಗ. ಯುದ್ಧ ಮುಗಿದ ಮೇಲೆ ಬಿಟ್ಟುಹೋದ ಸೈನ್ಯದ ಗಾಡಿಗಳ ಬಿಡಿಭಾಗ ಆರಿಸಿ ತಂದು ಟ್ರ್ಯಾಕ್ಟರು ಕಟ್ಟಿದವನು. ಗುಜರಿಯಿಂದ ಎದ್ದು ಬಂದ ಮನುಷ್ಯ. ಶ್ರೀಮಂತನಾಗಿ ಫೆರಾರಿ ಕೊಂಡ. ಅದರ ಕ್ಲಚ್ಚು ಸರಿಯಿಲ್ಲವೆಂದು ದೂರಲು ಹೋದಾಗ ಎಂಜೊ ಫೆರಾರಿ, ಟ್ರ್ಯಾಕ್ಟರಿನವನಿಗೆ ಕಾರಿನ ವಿಷಯ ಏನು ಗೊತ್ತು ಎಂಬಂತೆ ಮಾತಾಡಿ ಕಳಿಸಿದನಂತೆ. ಇದು ಲ್ಯಾಂಬೋರ್ಗಿನಿಯೇ ಹೇಳಿಕೊಳ್ಳುತ್ತಿದ್ದ ಕತೆ. ಕತೆಗಾರರಾದ ನಮಗೆ ಅದರಲ್ಲಿ ಸ್ವಲ್ಪ ಒಗ್ಗರಣೆ ಇದ್ದೀತು ಅನಿಸುತ್ತದೆ. ಆದರೆ 1963ರಲ್ಲಿ ಅವನು ತನ್ನದೇ ಕಾರಿನ ಕಾರ್ಖಾನೆ ತೆರೆದದ್ದು, 1966ರಲ್ಲಿ ಮಿಯುರಾ ಎಂಬ ಕಾರಿನಿಂದ ಲೋಕ ಕಣ್ಣರಳಿಸುವಂತೆ ಮಾಡಿದ್ದು ಕತೆಯಲ್ಲ. ಹತ್ತೇ ವರ್ಷದೊಳಗೆ ಕಾರ್ಖಾನೆಯ ಹಿಡಿತ ಕೈಬಿಟ್ಟು, ದ್ರಾಕ್ಷಿ ತೋಟ ಮಾಡಿಕೊಂಡು ಕೂತ. ಕುಲ ಕೇಳಿಸಿಕೊಂಡು ಅವಮಾನಗೊಂಡವನ ಕಾರು ಇವತ್ತು ಕುಲೀನತೆಯ ಗುರುತಾಗಿ ಕೆ.ಬಿ. ಕ್ರಾಸಿನ ಉಬ್ಬಿನ ಮುಂದೆ ನಿಂತಿತ್ತು.

ಇಲ್ಲಿಗೆ ಬಂದಾಗ, ಹಾಗಾದರೆ ಖಾಂದಾನ್ ಎಂಬುದು ಬರೀ ಸುಳ್ಳು ಎಂದು ತೀರ್ಮಾನಿಸಿ ಎದ್ದುಬಿಡುವ ಮನಸ್ಸಾಗುತ್ತದೆ. ಅಷ್ಟು ಸುಲಭವಲ್ಲ. ಚಿಕ್ಕನಾಯಕನಹಳ್ಳಿಯ ಕಡೆಯ ಹಿರಿಯ ರೈತರೊಬ್ಬರನ್ನು ಸಸಿಗೆ ಕಾಯಿ ಹೇಗೆ ಆರಿಸುತ್ತೀರಿ ಎಂದು ಕೇಳಿದೆವು. ತಾಯಿ ಮರ ನೋಡುತ್ತೇವೆ ಎಂದರು. ಎಷ್ಟು ವರ್ಷದಿಂದ, ಎಷ್ಟು ಕಾಯಿ, ಬರದಲ್ಲೂ ಬಿಟ್ಟಿತೇ, ಕೊಬ್ಬರಿ ದಪ್ಪವೇ. ತಂದೆ ಮರ? ಅವರು ನಕ್ಕರು. ಎತ್ತರದ ತಳಿಯ ತೆಂಗಿನಲ್ಲಿ ಒಂದೇ ಹೊಂಬಾಳೆಯ ಗಂಡು ಹೂ ಮೊದಲು ಅರಳಿ ಉದುರುತ್ತದೆ, ಹೆಣ್ಣು ಹೂ ಆಮೇಲೆ ಸಿದ್ಧವಾಗುತ್ತದೆ. ಹಾಗಾಗಿ ಪರಾಗ ಹೆಚ್ಚಾಗಿ ಬೇರೆ ಮರದ್ದು, ಗಾಳಿ ತಂದದ್ದೋ ಜೇನು ತಂದದ್ದೋ. ಗಿಡ್ಡ ತಳಿ ಮಾತ್ರ ಬಹುಪಾಲು ತನ್ನ ಹೂವಿನಲ್ಲೇ ತಾನು ಫಲ ಕಟ್ಟುತ್ತದೆ. ಅಂದರೆ ರಕ್ತ ಶುದ್ಧವಾಗಿರುವುದು ಗಿಡ್ಡನದು; ಅದರ ಆಯುಸ್ಸೂ ಕಡಿಮೆ. ದೇಶಕ್ಕೆಲ್ಲ ಹೆಸರಾದ ತಿಪಟೂರು ಟಾಲ್ ಮರಕ್ಕೆ ತನ್ನ ಅಪ್ಪ ಯಾರೆಂದು ಗೊತ್ತಿಲ್ಲ.

ಆದರೂ ರೈತರು ತಾಯಿ ಮರ ನೋಡುತ್ತಾರಲ್ಲ! ಅಂದಮೇಲೆ ಹಿನ್ನೆಲೆಗೆ ಒಂದು ಅರ್ಥ ಇದೆ. ಅದು ಫಸಲಿನ ಸಾಕ್ಷಿ. ಫೆರಾರಿಯ ಎಂಜಿನು ಜೋಡಿಸುವವನಿಗೆ ಅವನ ಗುರು, ಗುರುವಿಗೆ ಇನ್ನೊಬ್ಬ ಗುರು ಕಲಿಸಿಕೊಟ್ಟ ಕೈಚಳಕ ಇದ್ದರೆ ಅದು ಗೌರವಿಸಬೇಕಾದ ಖಾಂದಾನೇ. ಗ್ಯಾರೇಜಿನ ಹುಡುಗ ಅದನ್ನೇ ಕಸಬು ಎಂದದ್ದು. ಅಂಥ ಹಿರಿಮೆ ಯಾರಿಂದಲೂ ಏನನ್ನೂ ಕಿತ್ತುಕೊಳ್ಳುವುದಿಲ್ಲ. ಹತ್ತು ಜನ ಕಲಿತರೂ ಅದು ಸಣ್ಣದಾಗುವುದಿಲ್ಲ. ನಮ್ಮ ತಕರಾರು ಇರುವುದು ಇನ್ನೊಂದು ಬಗೆಯ ಹಿರಿಮೆಯ ಜೊತೆ. ಬೇರೆಯವರಿಗೆ ಸಿಗುವುದಿಲ್ಲ ಎಂಬ ಒಂದೇ ಕಾರಣಕ್ಕೆ ಬೆಲೆ ಬಾಳುವ ಹಿರಿಮೆ ಅದು. ಬೇಡಿಕೆಗಿಂತ ಒಂದು ಕಾರು ಕಡಿಮೆ ಮಾಡಬೇಕು ಎಂಬುದು ಎಂಜೊ ಫೆರಾರಿಯ ನೀತಿಯಾಗಿತ್ತೆಂದು ಹೇಳುತ್ತಾರೆ. 2024ರಲ್ಲಿ ಲೋಕಕ್ಕೆಲ್ಲ ಸೇರಿ ಆ ಕಂಪನಿ ಕೊಟ್ಟ ಕಾರುಗಳು ಹದಿನಾಲ್ಕು ಸಾವಿರದೊಳಗೆ. ಅದೇ ವರ್ಷ ಪ್ರಕಟಿಸಿದ ಎಫ್80 ಎಂಬ ಕಾರು 799 ಮಾತ್ರ, ಬೆಲೆ 36 ಲಕ್ಷ ಯುರೊ, 1,200 ಅಶ್ವಶಕ್ತಿ. ದುಡ್ಡಿದ್ದರೆ ಸಾಲದು, ಅದು ಆಯ್ದ ಹಳೆಯ ಗಿರಾಕಿಗಳಿಗೆ. ಕಾರಿನ ಖಾಂದಾನ್ ಕೇಳುವುದಿರಲಿ, ಕಾರೇ ಕೊಳ್ಳುವವನ ಖಾಂದಾನ್ ಕೇಳುತ್ತದೆ. ಅದೇ ಹೊತ್ತಿಗೆ ಬಂದ ಕಾರ್ವೆಟ್ ಜೆಡ್‌ಆರ್1 ಕಾರಿಗೆ 1,064 ಅಶ್ವಶಕ್ತಿ, ಬೆಲೆ 1 ಲಕ್ಷ 75 ಸಾವಿರ ಡಾಲರಿನ ಆಸುಪಾಸು. ಶಕ್ತಿಯಲ್ಲಿ ಇಷ್ಟೇ ಅಂತರ, ಬೆಲೆಯಲ್ಲಿ ಇಪ್ಪತ್ತು ಪಟ್ಟಿನಷ್ಟು. ಆ ಇಪ್ಪತ್ತು ಪಟ್ಟಿನಲ್ಲಿ ಕಸಬಿಗೆ ಸಲ್ಲುವುದೆಷ್ಟು, ಇಲ್ಲದವರ ಇಲ್ಲದಿರುವಿಕೆಗೆ ಸಲ್ಲುವುದೆಷ್ಟು?

ಅಮೆರಿಕದ ಪಕ್ಷವೂ ಪಾಕ್ ಸಾಫ್ ಅಲ್ಲ. 2016ರಲ್ಲಿ ಫೋರ್ಡ್ ತನ್ನ ಹೊಸ ಜಿಟಿ ಕಾರು ಮಾರುವಾಗ ಕೊಳ್ಳುವವರಿಂದ ಅರ್ಜಿ ಕರೆಯಿತು. ಯಾರು ಯೋಗ್ಯರೆಂದು ಕಂಪನಿ ಆರಿಸಿತು. ಮಾಸ್ತರರಿಗೆ, ಟೈಪಿಸ್ಟರಿಗೆ ಮಸ್ಟಾಂಗ್ ಮಾರಿದ ಅದೇ ಫೋರ್ಡ್. ಒಂದು ಮೆಟ್ಟಿಲು ಹತ್ತಿದ ಕೂಡಲೇ ಕೆಳಗಿನವರ ಕುಲ ಕೇಳುವ ಚಟಕ್ಕೆ ಪೂರ್ವ ಪಶ್ಚಿಮ ಎಂಬ ಭೇದ ಇಲ್ಲವೆಂದು ಕಾಣುತ್ತದೆ. ವೇಗದ ಬಗ್ಗೆ ನಾವು ಹೆಚ್ಚು ಹೇಳುವುದಿಲ್ಲ. ಹೆದ್ದಾರಿಯಿಂದ ಎಳೆದು ತಂದ ಜಜ್ಜಿದ ಗಾಡಿಗಳನ್ನು ಆ ಗ್ಯಾರೇಜಿನಲ್ಲಿ ಕಂಡವರಿಗೆ ಅಶ್ವಶಕ್ತಿಯ ಮೋಹ ಬಹಳ ದಿನ ಉಳಿಯುವುದಿಲ್ಲ.

ಇಷ್ಟೆಲ್ಲ ಬರೆದ ಮೇಲೆ ನಮ್ಮ ಮನೆಯ ಮಾತು ಮುಚ್ಚಿಟ್ಟರೆ ತಪ್ಪಾಗುತ್ತದೆ. ನಮ್ಮ ತಾತ ತಿಪಟೂರು ಸಂತೆಯಲ್ಲಿ ಹಳೆಯ ಡಬ್ಬಿ, ತಗಡು ಮಾರುತ್ತಿದ್ದವರು. ತಂದೆ ಕೊಬ್ಬರಿ ದಲ್ಲಾಳಿಯಾಗಿ ನಾಲ್ಕು ಕಾಸು ಕಂಡರು. ಆಮೇಲೆ, 1978ರಲ್ಲಿ, ಒಬ್ಬ ಖತೀಬರನ್ನು ಕರೆಸಿ ಚಂದದ ಉರ್ದು ಅಕ್ಷರದಲ್ಲಿ ಒಂದು ಶಜರಾ ಬರೆಸಿದರು. ಶಜರಾ ಎಂದರೆ ವಂಶವೃಕ್ಷ. ತಗಡಿನ ತಾತನಿಂದ ಹಿಡಿದು ದೂರದ ಬುಜುರ್ಗರ ತನಕ ಕೊಂಬೆ ಕೊಂಬೆಯಾಗಿ ಹೆಸರುಗಳು. ಅದು ಕಟ್ಟು ಹಾಕಿಸಿಕೊಂಡು ಅಣ್ಣನ ಮನೆಯ ಗೋಡೆಯ ಮೇಲಿದೆ. ಓದುವುದನ್ನು ಕಲಿಯುವಾಗ ನಾವು ಆ ಹೆಸರುಗಳನ್ನೇ ಕೂಡಿಸಿ ಕೂಡಿಸಿ ಓದುತ್ತಿದ್ದೆವು.

ಕಳೆದ ವರ್ಷ ಅಣ್ಣನ ಮಗಳಿಗೆ ಒಂದು ಸಂಬಂಧ ಬಂತು. ಅವಳು ತಿಪಟೂರಿನಲ್ಲಿ ಟೀಚರು. ಹುಡುಗ ಬೇರೆ ಯಾರೂ ಅಲ್ಲ, ಕೆ.ಬಿ. ಕ್ರಾಸಿನ ಅದೇ ಗ್ಯಾರೇಜಿನವನು. ಅವನ ತಂದೆ ತಾಯಿ ಬಂದು ಕೂತರು. ಹುಡುಗನ ಕಮಾಯಿ ಅಣ್ಣನಿಗೆ ಗೊತ್ತಿತ್ತು, ನಡತೆ ಊರಿಗೇ ಗೊತ್ತಿತ್ತು. ಆದರೂ ಅಣ್ಣ ಗೋಡೆಯ ಕಡೆ ಒಮ್ಮೆ ನೋಡಿ ಕೇಳಿದರು: "ನಿಮ್ಮ ಖಾಂದಾನ್ ಯಾವುದು ಎಂದು ತಿಳಿಯಲಿಲ್ಲ." ಅವರಿಗೆ ತಿಳಿದೇ ಇತ್ತು. ಹುಡುಗನ ತಂದೆ ನಮ್ಮ ಕಡೆ ನೋಡಿದರು. ಎಷ್ಟೋ ವರ್ಷ ಅವರ ಟ್ಯಾಕ್ಸಿಯಲ್ಲಿ ಓಡಾಡಿದವರು ನಾವು. ಒಂದು ಮಾತು ಆಡಬಹುದಿತ್ತು. ಜಾತಿಯ ಮೇಲೆ ನಾಲ್ಕು ಕತೆ ಬರೆದು ಚಪ್ಪಾಳೆ ತೆಗೆದುಕೊಂಡವರು ಚಹಾದ ಲೋಟದ ತಳ ನೋಡುತ್ತಾ ಕೂತಿದ್ದೆವು. ಅವರು ಬಿಸ್ಕತ್ತು ಮುಟ್ಟದೆ ಎದ್ದು ಹೋದರು.

ಆಮೇಲೆ ಎರಡು ಮೂರು ಸಲ ನಾವು ಬಸ್ಸಿನಲ್ಲಿ ಕೆ.ಬಿ. ಕ್ರಾಸ್ ದಾಟಿದರೂ ಇಳಿಯಲಿಲ್ಲ. ಹುಡುಗ ಒಮ್ಮೆ ಫೋನು ಮಾಡಿದ್ದ. ಮದುವೆಯ ಮಾತು ಎತ್ತಲಿಲ್ಲ. ಲ್ಯಾಂಬೋರ್ಗಿನಿಯ ಹಳೆಯ ಟ್ರ್ಯಾಕ್ಟರಿನ ಚಿತ್ರವೊಂದು ಸಿಕ್ಕಿದೆ, ಕಳಿಸಲೇ ಎಂದ. ಕಳಿಸಿದ. ಮಣ್ಣಿನ ಬಣ್ಣದ, ಮೂತಿ ಉದ್ದದ ಗಾಡಿ. ಅದನ್ನು ಅಣ್ಣನ ಮಗಳಿಗೆ ತೋರಿಸಿದೆವು. ಅವಳು ಬಹಳ ಹೊತ್ತು ನೋಡಿ, "ಚಿಕ್ಕಪ್ಪಾ, ಅವರ ಮನೆಗೆ ನೀವು ಹೋಗುತ್ತೀರೋ, ನಾನೇ ಹೋಗಲೋ?" ಎಂದು ಕೇಳಿದಳು.

ಬರುವ ಭಾನುವಾರ ತುರುವೇಕೆರೆಗೆ ಹೊರಟಿದ್ದೇವೆ. ಅಣ್ಣ ಬರುವುದಿಲ್ಲ ಎಂದಿದ್ದಾರೆ, ಅತ್ತಿಗೆ ಇನ್ನೂ ಏನೂ ಹೇಳಿಲ್ಲ. ಬಸ್ಸು ಕೆ.ಬಿ. ಕ್ರಾಸಿನಲ್ಲಿ ಹತ್ತು ನಿಮಿಷ ನಿಲ್ಲುತ್ತದೆ. ಈ ಸಲ ಇಳಿಯುತ್ತೇವೆ.